ತಾಸು ಮುಗಿದ ಮೇಲೆ

ಅಂಗಳಕ್ಕೆ ಸೆಗಣಿನೀರು ಚೆಲ್ಲಿ ಅರ್ಧ ಬಳಿದಿದ್ದೆ, ಲಾರಿ ಒಳಗೆ ಬಂತು. ಹಸಿ ನೆಲದ ಮೇಲೆ ಗಾಲಿ ಹತ್ತಿದರೆ ನಾನು ಮತ್ತೆ ಮೊದಲಿನಿಂದ ಬಳಿಯಬೇಕಾಗುತ್ತದೆಂದು ನಮ್ಮವರಿಗೆ ಗೊತ್ತು. ಗೋಡೆಗೆ ಒತ್ತಿ, ಒಣ ಮಗ್ಗುಲಲ್ಲೇ ತಂದು ನಿಲ್ಲಿಸಿದರು. ಎಂಜಿನ್ನು ಇನ್ನೂ ಆರಿರಲಿಲ್ಲ, ಕಟ್ಟೆಯ ಮೇಲಿಂದ ಸಾವ್ಕಾರ ಶುರು ಮಾಡಿದ.

"ಇಳಿ ಕೆಳಗ, ಕುರಿ ಕಾಯೋ ಸೂಳೆಮಗನ. ತಾಸು ಮುಗದ್ವು ನಿನ್ನವು."

"ಇಳೀತೀನ್ರಿ ಧಣಿ. ಎಂಜಿನ್ ಕಾದೈತಿ, ಒಂದೀಟ ನೀರ..."

"ನೀರು ಆಮ್ಯಾಲ. ಇನ್ನ ನೀ ಚಕ್ಕರ ಹಿಡದ್ರ ಸರಕಾರ ನನ್ನ ಕೈಗೆ ಬೇಡಿ ಹಾಕತೈತಿ. ಇಳಿ. ಇಳದು ಸಿಮಿಟಿನ ಚೀಲಕ್ಕ ಕೈ ಹಚ್ಚು."

ಸಾವ್ಕಾರ ಅಂದರೆ ಶಾಂತಲಿಂಗಪ್ಪ. ಅಕ್ಕಲಕೋಟೆಯ ಸುತ್ತ ಹೊಲ ಇದ್ದವನು. ಉಳುವವನಿಗೆ ಹೊಲ ಹೋಗುತ್ತದೆಂಬ ಕಾಯಿದೆಯ ಸುದ್ದಿ ಬಂದಾಗ ಒಂದಿಷ್ಟು ಹೊಲ ಮಾರಿ ಲಾರಿ ಕೊಂಡ. ಲಾರಿಗೆ ನಮ್ಮವರನ್ನು ಇಟ್ಟುಕೊಂಡ, ಗೋದಾಮಿನ ಕಸಕ್ಕೆ ನನ್ನನ್ನು. ನಾವಿದ್ದ ಗುಡಿಸಲೂ ಅವನ ಗೋದಾಮಿನ ಹಿಂದೆ, ಅವನ ಜಾಗದಲ್ಲೇ.

ನಮ್ಮವರ ಹೆಸರು ಅಮೋಗಸಿದ್ಧ. ನಂದೇಶ್ವರದ ಕಡೆಯ ಕುರುಬರು, ಲಡಾಯಿಗೆ ಹೋಗಿ ಮೋಟಾರು ಕಲಿತು ಬಂದವರು. ಅವತ್ತು ಪುಣೆಯಿಂದ ಬಂದಿದ್ದರು. ಕೆಳಗಿಳಿದವರು ಬಾಗಿಲು ಹಿಡಿದುಕೊಂಡು ಒಂದು ಗಳಿಗೆ ನಿಂತರು, ಹಸಿ ಬಾಣಂತಿ ಎದ್ದು ನಿಂತ ಹಾಗೆ.

"ಧಣಿ, ಕಣ್ಣ ತೆರೀವಲ್ವು. ಒಂದೀಟ ಬೆನ್ನ ನೆಲಕ್ಕ ಹಚ್ಚಿ ಏಳ್ತೀನ್ರಿ. ಚೀಲ ಎಲ್ಲಿ ಹೋಗತಾವ?"

"ಮೋಟಾರ ಹೊಡಿಬ್ಯಾಡ ಅಂದೈತಿ ಸರಕಾರ. ಚೀಲ ಹೊರಬ್ಯಾಡ ಅಂದೈತೇನು? ಏನಪಾ ಬಸಯ್ಯ, ಐತೇನ ಹಂಗ ಕಾಯದೇದಾಗ?"

ಬಸಯ್ಯ ಅವನ ಗುಮಾಸ್ತ. ಬೆಳಿಗ್ಗೆ ಸಾವ್ಕಾರನ ಮನೆಯ ಪೂಜೆ ಮುಗಿಸಿ, ಅದೇ ವಿಭೂತಿಯಲ್ಲಿ ಗೋದಾಮಿಗೆ ಬಂದು ಕೂರುವವನು. ಕಾಯಿದೆ ಇಂಗ್ಲಿಷಿನಲ್ಲಿತ್ತು. ಬಸಯ್ಯನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

"ಎಲ್ಲಿ ಐತ್ರಿ," ಅಂದ. "ಚೀಲದ ಸುದ್ದೀನ ಇಲ್ಲ ಅದರಾಗ."

ನಮ್ಮವರು ರುಮಾಲು ಬಿಚ್ಚಿ ಹೆಗಲ ಮೇಲೆ ಹರವಿಕೊಂಡು ಲಾರಿಯ ಹಿಂದಕ್ಕೆ ಹೋದರು.

ಈ ತಾಸಿನ ಕಥೆ ಶುರುವಾದದ್ದು ಅದರ ಹಿಂದಿನ ಮಳೆಗಾಲದಲ್ಲಿ. ಸೋಲಾಪುರದ ನಾಕಾದಲ್ಲಿ ಮೋಟಾರು ಇನ್‌ಸ್ಪೆಕ್ಟರರು ಲಾರಿ ನಿಲ್ಲಿಸಿ, ಎಷ್ಟು ಹೊತ್ತಿನಿಂದ ಹೊಡೆಯುತ್ತಿದ್ದೀ ಎಂದು ಕೇಳಿದರಂತೆ. ನಮ್ಮವರು ಇದ್ದದ್ದು ಇದ್ದ ಹಾಗೆ ಹೇಳಿದರು: ನಿನ್ನೆ ಹೊತ್ತು ಮುಳುಗುವಾಗ ಹತ್ತಿದ್ದೇನೆ, ಇನ್ನೂ ಇಳಿದಿಲ್ಲ. ದಿನಕ್ಕೆ ಒಂಬತ್ತು ತಾಸಿಗಿಂತ ಹೆಚ್ಚು ಹೊತ್ತು ಡ್ರೈವರನನ್ನು ದುಡಿಸಬಾರದೆಂದು ಕಾಯಿದೆ ಇದೆ ಅಂದರಂತೆ ಸಾಹೇಬರು. ದಂಡ ಸಾವ್ಕಾರನ ಮೇಲೆ ಬಿತ್ತು. ಆ ಸಂಜೆ ಅವನು ಓಣಿಯ ಮಂದಿಯೆಲ್ಲ ನೋಡುವಾಗ ಕಾಲಿನದು ತೆಗೆದು ನಮ್ಮವರ ಬಾಯಿಯ ಮೇಲೆ ಹೊಡೆದ. ಬೆನ್ನಿಗೆ ಹೊಡೆಯಲಿಲ್ಲ, ತಲೆಗೆ ಹೊಡೆಯಲಿಲ್ಲ. ಖರೆ ಹೇಳಿದ್ದು ಬಾಯಿ.

ಗುಡಿಸಲಿಗೆ ಬಂದವರು ಬಾತ ತುಟಿಯಲ್ಲೇ ನಗುತ್ತಿದ್ದರು.

"ಹಣಮಿ, ಕೇಳಿದೇನು? ನಮ್ಮ ನಿದ್ದಿಗೆ ಸರಕಾರ ಕಾಯದಾ ಮಾಡೇತಿ."

"ಮೊದಲ ತುಟಿ ಒರಸ್ಕೋರಿ. ರಗತ ಬರಾಕತ್ತೈತಿ."

"ಬರಲಿ ಬಿಡು. ಒಂಬತ್ತ ತಾಸು ಆತಂದ್ರ ಇಳೀಬೇಕಂತ. ನಮ್ಮಪ್ಪ ಜಲ್ಮಪೂರ್ತಿ ಕುರಿ ಕಾಯ್ದ. ನಮ್ಮ ದ್ಯಾವ್ರು ಬೀರಪ್ಪ ಸೈತ ಒಂದಿನ ಅವಗ ಮಲಕೋ ಅನ್ನಲಿಲ್ಲ. ಈ ಸರಕಾರ ಅಂತೈತಿ ನೋಡು."

ಆ ವಾರವೇ ಸಾವ್ಕಾರ ಸೋಲಾಪುರದಿಂದ ಒಂದು ಗೋಡೆಗಡಿಯಾರ ತರಿಸಿ ಗೋದಾಮಿನಲ್ಲಿ ತೂಗುಹಾಕಿಸಿದ. ಕಾಯಿದೆ ಬಂತಲ್ಲ, ಇನ್ನು ಅದರ ಪ್ರಕಾರವೇ ನಡೆಯಲಿ ಅಂದ. ನಡೆಯಿತು. ಚಕ್ರ ಹಿಡಿದು ಒಂಬತ್ತು ತಾಸಾಯಿತೆಂದರೆ ನಮ್ಮವರನ್ನು ಇಳಿಸಿಬಿಡುತ್ತಿದ್ದ. ಇಳಿಸಿ ಚೀಲ ಹೊರಿಸುತ್ತಿದ್ದ, ಎಮ್ಮೆಗೆ ಕಣಿಕೆ ಕಡಿಸುತ್ತಿದ್ದ, ಬಾವಿಯಿಂದ ಮನೆಯ ಹಂಡೆ ತುಂಬಿಸುತ್ತಿದ್ದ. ರಾತ್ರಿ ಗಡಿಯಾರ ಹನ್ನೆರಡು ಹೊಡೆದರೆ ಹೊಸ ದಿನ, ಹೊಸ ಒಂಬತ್ತು ತಾಸು. ಮತ್ತೆ ಗಾಡಿ ಹತ್ತು. ಮೊದಲಾದರೆ ಎಲ್ಲೋ ದಾರಿಯ ಬೇವಿನ ಕೆಳಗೆ ನಿಲ್ಲಿಸಿ ಕಣ್ಣು ಮುಚ್ಚುತ್ತಿದ್ದರು. ಈಗ ಅದೂ ಹೋಯಿತು. ಒಂಬತ್ತು ತಾಸಿನೊಳಗೇ ಊರು ಮುಟ್ಟಬೇಕು, ನಿಂತರೆ ಆಗುವುದಿಲ್ಲ. ಕಾಯಿದೆ ಬರುವ ಮುಂಚೆ ಇದ್ದ ಒಂದಿಷ್ಟು ನಿದ್ದೆಯನ್ನೂ ಕಾಯಿದೆ ತಿಂದುಕೊಂಡಿತು.

ಲಾರಿಯಲ್ಲಿ ಮಲಗುವ ಜಾಗವೆಂಬುದು ಇರಲಿಲ್ಲ. ಮುಂದೆ ಒಂದು ಸೀಟು, ಅಷ್ಟೇ. ಅದರ ಮೇಲಾದರೂ ಮುದುಡಿಕೊಳ್ಳಬಹುದಿತ್ತು, ಬಸಯ್ಯ ಬಿಡಲಿಲ್ಲ. ಗಾಜಿನ ಮೇಲೆ ಅವನೇ ಪೂಜೆ ಮಾಡಿ ಅಂಟಿಸಿದ ಲಕ್ಷ್ಮಿಯ ಪಟ ಇತ್ತು.

"ದುಡಿಯೂ ಗಾಡ್ಯಾಗ ಮಂದಿ ಮಲಗಿದ್ರ ಲಕ್ಷ್ಮಿ ಇಳದು ಹೋಗ್ತಾಳ," ಅನ್ನುತ್ತಿದ್ದ. "ಅದರಾಗ ನಿನ್ನ ಕಂಬಳಿ ನಾತ ಬ್ಯಾರೆ. ಆಕಿ ನಿಂತಾಳ ಹ್ಯಾಂಗ?"

ಅದಕ್ಕೇ ನಮ್ಮವರು ಲಾರಿಯ ಕೆಳಗೆ ಮಲಗುತ್ತಿದ್ದರು. ಕುರಿ ಹೊಡೆದುಕೊಂಡು ದೇಶ ತಿರುಗುವ ನಮ್ಮ ಜನಕ್ಕೆ ಮಲಗುವುದರಲ್ಲೂ ಒಂದು ಪದ್ಧತಿ ಇದೆ. ದಾರಿಯ ಬದಿಯೋ, ಹೊಲವೋ, ಬಂಡಿಯ ಕೆಳಗೋ, ಎಲ್ಲಿ ಒರಗಿದರೂ ತಲೆಯ ಹತ್ತಿರ ಕೋಲು ನಿಲ್ಲಿಸಿ ಅದರ ತುದಿಗೆ ರುಮಾಲು ಕಟ್ಟುತ್ತಾರೆ. ಇಲ್ಲಿ ಮನುಷ್ಯ ಮಲಗಿದ್ದಾನೆ ಅಂತ ಅದರ ಅರ್ಥ. ಕಂಡ ಬಂಡಿಯವನು ಎತ್ತು ಹೊರಳಿಸಿಕೊಂಡು ಸುತ್ತಿ ಹೋಗುತ್ತಾನೆ. ಕಳ್ಳ ಕೂಡ ಆ ಕೋಲನ್ನು ಕಿತ್ತದ್ದು ನಾನು ಕೇಳಿಲ್ಲ. ಲಡಾಯಿಗೆ ಹೋಗಿ ಬಂದರೂ ನಮ್ಮವರು ಈ ರೂಢಿ ಬಿಟ್ಟಿರಲಿಲ್ಲ. ಸೀಟಿನ ಹಿಂದೆ ಕೋಲು ಇಟ್ಟುಕೊಂಡೇ ಪುಣೆ ತಿರುಗುತ್ತಿದ್ದರು.

ಅವತ್ತು ಸಿಮೆಂಟು ಇಳಿಸಿ ಮುಗಿಯುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಮೈಯೆಲ್ಲ ಬೂದಿ, ಬೆವರು ಹರಿದಲ್ಲಿ ಮಾತ್ರ ಕಪ್ಪು ಗೀರು. ನಾನು ರೊಟ್ಟಿ ತಂದಿದ್ದೆ.

"ಉಂಡು ಮಲಕೋರಿ."

"ಮೊದಲ ಕಣ್ಣಿಂದು ಆಗಲಿ. ಆಮ್ಯಾಲ ಹೊಟ್ಟೀದು."

ಅಂಗಳ ಗಟ್ಟಿ, ಕೋಲು ಇಳಿಯಲಿಲ್ಲ. ಮುಂದಿನ ಗಾಲಿಗೆ ಆನಿಸಿ ನಿಲ್ಲಿಸಿದರು, ತುದಿಗೆ ರುಮಾಲು ಕಟ್ಟಿದರು, ಕಂಬಳಿ ಎಳೆದುಕೊಂಡು ಕೆಳಗೆ ತೂರಿದರು. ನಾನಿನ್ನೂ ರೊಟ್ಟಿಯ ಗಂಟು ಕಟ್ಟುತ್ತಿದ್ದೆ, ಗೊರಕೆ ಕೇಳಿತು. ಅವರು ತುಂಬಬೇಕಾದ ಹಂಡೆಯನ್ನು ನಾನೇ ತುಂಬಿದರೆ ಆ ಹೊತ್ತೂ ನಿದ್ದೆಗೆ ಸಿಕ್ಕೀತೆಂದು ಕೊಡ ತೆಗೆದುಕೊಂಡು ಹಿತ್ತಲಿನ ಬಾವಿಗೆ ಹೋದೆ.

ನಾನು ನೀರು ಸೇದುವಾಗ ಸ್ಟೇಶನ್ನಿನಿಂದ ಆಳು ಬಂದಿದ್ದಾನೆ. ಶೇಂಗಾ ತುಂಬಲು ವ್ಯಾಗನ್ ಸಿಕ್ಕಿದೆ, ಈಗಲೇ ತಂದರೆ ಉಂಟು, ಇಲ್ಲದಿದ್ದರೆ ಬೇರೆಯವರಿಗೆ ಹೋಗುತ್ತದೆ ಅಂದಿದ್ದಾನೆ. ಡ್ರೈವರನ ತಾಸು ಮುಗಿದಿವೆಯಲ್ಲ ಎಂದು ಸಾವ್ಕಾರ ಕೈ ಹಿಸುಕಿಕೊಳ್ಳುವಾಗ, ಅವನ ತಮ್ಮ ಸಾತಲಿಂಗಪ್ಪ ಎದ್ದಿದ್ದಾನೆ. ಪ್ಯಾಂಟು ಹಾಕುವ ಹುರುಪಿನವನು, ಮೋಟಾರು ಹೊಸದಾಗಿ ಕಲಿತಿದ್ದ.

"ನಾ ಒಯ್ತೀನಿ ಬಿಡಣ್ಣ. ಕಾಯದಾ ಇರೂದು ಡ್ರೈವರಗ. ಮಾಲಕಗಲ್ಲ."

ಗಾಲಿಗೆ ಆನಿಸಿದ ಕೋಲನ್ನು ಅವನು ಕಂಡ. "ಯಾವನ ಬಡಿಗಿ ಇದು, ಗಾಡಿಗೆ ಅಡ್ಡ," ಎಂದು ಕಿತ್ತು ಎಸೆದ. ಇದೆಲ್ಲ ಆಮೇಲೆ, ಶೇಂಗಾ ಏರಿಸಲು ಬಂದಿದ್ದ ಹಮಾಲರು ಹೇಳಿದ್ದು.

ಕೊಡ ಹೊತ್ತು ಗೋದಾಮಿನ ಮೂಲೆಗೆ ಬಂದೆ. ನಾನು ಬಳಿದ ಅಂಗಳದ ಮೇಲೆ ಕೋಲು ಬಿದ್ದಿತ್ತು, ರುಮಾಲಿನ ಸಮೇತ. ಎಂಜಿನ್ನು ಗುಡುಗುತ್ತಿತ್ತು.

"ಅಣ್ಣಾರ, ಗಾಡಿ ಬಿಡಬ್ಯಾಡ್ರಿ. ಕೆಳಗ ಅದಾರ್ರಿ, ಕೆಳಗ ಅದಾರ."

ಸಾತಲಿಂಗಪ್ಪ ಗಾಜಿನೊಳಗಿಂದ ನನ್ನನ್ನು ನೋಡಿದ. ನನ್ನ ಬಾಯಿ ಆಡುವುದು ಅವನಿಗೆ ಕಾಣಿಸಿತು, ಮಾತು ಕೇಳಿಸಲಿಲ್ಲ. ಬದಿಗೆ ಸರಿ ಎಂದು ಕೈ ಬೀಸಿದ. ಹಿಂದಿನ ಗಾಲಿ ಒಂದು ಸಲ ಏರಿ ಇಳಿಯಿತು. ಕಲ್ಲು ಸಿಕ್ಕಿತೆಂದು ತಿಳಿದು ಅವನು ಗಾಡಿಯನ್ನು ಹಿಂದಕ್ಕೆ ತಂದ. ಮತ್ತೊಂದು ಸಲ ಏರಿ ಇಳಿಯಿತು.

ಅದೇ ಲಾರಿಯಲ್ಲಿ, ಖಾಲಿ ಸಿಮೆಂಟು ಚೀಲಗಳ ಮೇಲೆ ಹಾಕಿಕೊಂಡು ಸೋಲಾಪುರದ ದವಾಖಾನೆಗೆ ಒಯ್ದರು. ಸೀಟಿನ ಮೇಲೆ ಸಾವ್ಕಾರ, ಅವನ ತಮ್ಮ, ಬಸಯ್ಯ. ಹಿಂದೆ ನಾನು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಎಡಗಾಲನ್ನು ಮೊಣಕಾಲಿನ ಮೇಲಕ್ಕೆ ತೆಗೆದರು.

ಮರುದಿನ ಹವಾಲದಾರ ಬಂದ. ವಾರ್ಡಿನ ಹೊರಗೆ ಪಡಸಾಲೆಯಲ್ಲಿ ಒಂದು ಕುರ್ಚಿ ಹಾಕಿಸಿಕೊಂಡು ಕೂತು ಮರಾಠಿಯಲ್ಲಿ ಕೇಳಿದ.

"ದಾರೂ ಪ್ಯಾಲಾ ಹೋತಾ ಕಾ?"

ಕೇಳಿದ್ದು ನನ್ನನ್ನು. ಉತ್ತರ ಕೊಟ್ಟವನು ಬಸಯ್ಯ. "ಹೋ ಸಾಹೇಬ."

"ಸುಳ್ಳ ಐತ್ರಿ," ಅಂದೆ ನಾನು. "ಅವ್ರು ಸೆರೆ ಮುಟ್ಟಾವ್ರಲ್ಲ. ನಿದ್ದಿ ಬಂದಿತ್ತ್ರಿ, ಮಲಗಿದ್ರು."

ಹವಾಲದಾರ ಕನ್ನಡಕ್ಕೆ ಹೊರಳಿದ. "ಹಾಡಾಹಗಲ ಯಾವ ಗಂಡಸು ನಿದ್ದಿ ಮಾಡ್ತಾನ ತಂಗಿ? ಅದೂ ಮೋಟಾರದ ಕೆಳಗ?"

"ಮೋಟಾರದಾಗ ಮಲಗಾಕ ಇವ್ರು ಬಿಡೂದಿಲ್ರಿ. ಕೇಳ್ರಿ ಇವ್ರನ್ನ."

ಹವಾಲದಾರ ಬಸಯ್ಯನನ್ನು ಕೇಳಲಿಲ್ಲ. ಸಾವ್ಕಾರನ ಕಡೆ ತಿರುಗಿದ. "ಡ್ಯೂಟಿ ಮ್ಯಾಲ ಇದ್ದನೇನ್ರಿ ಇಂವ?"

"ಎಲ್ಲಿ ಡ್ಯೂಟಿ ಸಾಹೇಬ? ತಾಸು ಮುಗದಿದ್ವು. ಗಡಿಯಾರ ನೋಡಿ ನಾನ ಕೈಯಾರೆ ಇಳಿಸೇನಿ. ಕಾಯದಾ ಮುರಿಯೂ ಪೈಕಿ ಅಲ್ಲ ನಾವು."

"ಇಳಿಸಿ ಸಿಮಿಟ ಹೊರಿಸ್ಯಾರ್ರಿ," ಅಂದೆ. "ಲಾರಿ ಪೂರಾ ನಮ್ಮವ್ರೊಬ್ರ ಇಳಿಸ್ಯಾರ."

"ಅಂವ ಪ್ರೀತೀಲಿ ಕೈ ಹಚ್ಚ್ಯಾನ," ಅಂದ ಬಸಯ್ಯ. "ಮನೀ ಮನಷ್ಯಾ ಇದ್ದಂಗ ಅಂವ ನಮಗ."

ಹವಾಲದಾರ ಬರೆದುಕೊಂಡ. ಏನು ಬರೆದುಕೊಂಡನೋ ನನಗೆ ತೋರಿಸಲಿಲ್ಲ. ತೋರಿಸಿದ್ದರೂ ಆಗ ನನಗೆ ಓದಲು ಬರುತ್ತಿದ್ದದ್ದು ಅಷ್ಟಕ್ಕಷ್ಟೇ.

ಊರಿಗೆ ಬಂದ ಮೇಲೆ ಸಾವ್ಕಾರನೇ ಗುಡಿಸಲಿನ ತನಕ ಬಂದ. ಒಳಗೆ ಬರಲಿಲ್ಲ, ಹೊರಗೆ ನಿಂತು ಧೋತರದ ಚುಂಗು ಮೂಗಿಗೆ ಹಿಡಿದುಕೊಂಡೇ ಮಾತಾಡಿದ.

"ನೋಡ ಅಮೋಗ್ಯಾ, ಆಗಬಾರದ್ದ ಆತು. ಯಾರದೂ ಚೂಕಲ್ಲ. ಬಾಗಲ ಕಾಯಕೋತ ಕುಂಡ್ರು, ಹೊಟ್ಟೀಗೆ ಹಾಕ್ತೀನಿ. ಗುಡಸಲಾ ಇರಲಿ. ನಿನ್ನ ಹೇಂತಿ ಕಸಾ ಮಾಡ್ಲಿ. ಆದ್ರ ಕೋರ್ಟು, ಕಚೇರಿ, ಸಾಹೇಬ ಅಂತ ಹೋದ್ರಿ ಅಂದ್ರ ಮತ್ತ ನನ್ನ ಬಾಗಲಾ ತುಳೀಬ್ಯಾಡ್ರಿ. ಅವತ್ತ ಗುಡಸಲಾ ಕೀಳಸ್ತೀನಿ."

ನಮ್ಮವರು ಕೈ ಮುಗಿದರು. ಮುಗಿದ ಕೈ ಇಳಿಸುವುದನ್ನು ಮರೆತವರ ಹಾಗೆ, ಅವನು ಹೋದ ಮೇಲೂ ಬಹಳ ಹೊತ್ತು ಹಾಗೇ ಕೂತಿದ್ದರು.

ಉಮಾಬಾಯಿ ಮಾಸ್ತರಣಿಯವರು ಆ ಕಾಲಕ್ಕೆ ನಮ್ಮ ಓಣಿಯ ಹೆಂಗಸರಿಗೆ ಸಂಜೆಯ ಮೇಲೆ ಅಕ್ಷರ ಕಲಿಸುತ್ತಿದ್ದರು. ಕ, ಖ ದಾಟಿ ನಾನು ಒತ್ತಕ್ಷರಕ್ಕೆ ಬಂದಿದ್ದೆ. ನಡೆದದ್ದನ್ನು ಕೇಳಿ ಅವರು, ಕೆಲಸದಲ್ಲಿ ಕೈಕಾಲು ಕಳೆದುಕೊಂಡವರಿಗೆ ಮಾಲಕ ನುಕಸಾನ ತುಂಬಿಕೊಡಬೇಕೆಂಬ ಕಾಯಿದೆ ಇದೆ ಅಂದರು.

"ಕಾಯದಾ ಅಂದ್ರ ಅಂಜಿಕಿ ಬರತೈತ್ರಿ ಬಾಯಿ," ಅಂದೆ. "ಒಂದ ಕಾಯದಾ ಬಂದು ಒಂದ ಕಾಲ ಒಯ್ತು."

ಅವರು ನಗಲಿಲ್ಲ. "ಒಂದು ವರ್ಷದೊಳಗ ಅರ್ಜಿ ಹೋಗಬೇಕು ಹಣಮವ್ವ. ಆಮ್ಯಾಲ ಕೇಳಾವ್ರಿಲ್ಲ. ನಾ ಮರಾಠಿಯೊಳಗ ಬರದು ಕೊಡ್ತೀನಿ. ಸಾಹೇಬರಿಗೆ ಕನ್ನಡ ಬರೂದಿಲ್ಲ."

"ಬರದಿದ್ರ ಯಾರ ಕಡಿಂದರೆ ಓದಿಸ್ಕೊಳ್ಳಲಿ. ನಾವು ಇಷ್ಟ ದಿನಾ ಓದಿಸ್ಕೊಂಡಿಲ್ಲೇನ್ರಿ?"

ಕಾಗದ ನಾನೇ ಬರೆದೆ. ಒಂದೊಂದು ಸಾಲಿಗೆ ಒಂದೊಂದು ಸಂಜೆ ಹಿಡಿಯಿತು. ಲಕೋಟೆಯ ಮೇಲಿನ ವಿಳಾಸ ಮಾತ್ರ ಉಮಾಬಾಯಿಯವರು ಮರಾಠಿಯಲ್ಲಿ ಬರೆದು ತಿಕೀಟು ಹಚ್ಚಿಕೊಟ್ಟರು: ಸೋಲಾಪುರದಲ್ಲಿ ದುಡಿಯುವವರ ಅಹವಾಲು ಕೇಳುವ ಕಾಮಗಾರ ಸಾಹೇಬರ ಕಚೇರಿ.

ಆದರೆ ಕಾಗದ ಹೋಗಲಿಲ್ಲ. ನಮ್ಮವರು ಬಿಡಲಿಲ್ಲ.

"ಕಾಲಂತೂ ಹೋತು," ಅಂದರು. "ಇನ್ನ ಗುಡಸಲಾ ಕಳೀತೀಯೇನು? ಒಂಟಿಗಾಲ ಕುಂಟನ್ನ ಕಟಗೊಂಡು ಯಾವ ಊರಿಗೆ ಹೋಗತಿ? ಕುರೀನೂ ಇಲ್ಲ ಈಗ, ಹಿಂದ ಹೋಗಾಕ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಜೋಳದ ಗಡಿಗೆಯಲ್ಲಿ ಕಾಗದ ಇಟ್ಟೆ. ಹಿಟ್ಟಿಗೆ ಜೋಳ ತೆಗೆಯುವಾಗಲೆಲ್ಲ ಅದು ಕೈಗೆ ಹತ್ತುತ್ತಿತ್ತು. ಸರಿಸಿ ಜೋಳ ತೆಗೆದುಕೊಳ್ಳುತ್ತಿದ್ದೆ. ಸುಗ್ಗಿ ಹೋಯಿತು, ಮಳೆ ಹೋಯಿತು, ಮತ್ತೆ ಚಳಿ ಬಂತು. ಉಮಾಬಾಯಿಯವರು ಕಂಡಾಗ ಕೇಳುವುದನ್ನು ಬಿಟ್ಟರು. ಮುಖ ನೋಡುತ್ತಿದ್ದರು, ಅಷ್ಟೇ.

ಈ ನಡುವೆ ಸಾವ್ಕಾರ ಹೊಸ ಡ್ರೈವರನನ್ನು ಇಟ್ಟಿದ್ದ. ಧೂಳಪ್ಪ ಅಂತ, ನಾಗಣಸೂರಿನವನು. ಮದುವೆಯಾಗಿ ಇನ್ನೂ ಅರಿಸಿನ ಆರದವನು, ಮಾತಿಗೊಮ್ಮೆ ನಗುತ್ತಿದ್ದ. ಮೊದಲ ದಿನವೇ ನಮ್ಮವರ ಹತ್ತಿರ ಬಂದು ಕೂತು, "ಕಾಕಾ, ಗೇರಿಗೆ ಏನ ಹೆಸರಿಟ್ಟೀರಿ, ಎಮ್ಮಿಗತೆ ಒದರತೈತಿ," ಅಂದ. ನಮ್ಮವರು ಕಾಲು ಹೋದ ಮೇಲೆ ಮೊದಲ ಸಲ ನಕ್ಕದ್ದು ಅವತ್ತು.

ಧೂಳಪ್ಪನ ತಾಸುಗಳೂ ಹಾಗೇ ಮುಗಿಯುತ್ತಿದ್ದವು. ಮುಗಿದ ಕೂಡಲೇ ಚೀಲ, ಕಣಿಕೆ, ಹಂಡೆ. ನಗುವುದು ಕಡಿಮೆಯಾಯಿತು. ಆಮೇಲೆ ಅವನು ಕಂಡಕಂಡಲ್ಲಿ ನಿದ್ದೆ ಹೋಗತೊಡಗಿದ. ಬಾವಿಯ ಕಟ್ಟೆಗೆ ಒರಗಿ, ಕಣಿಕೆಯ ಬಣವೆಯ ಸಂದಿಯಲ್ಲಿ, ಒಂದು ಸಲ ಅಂತೂ ತುತ್ತು ಕೈಯಲ್ಲಿ ಹಿಡಿದುಕೊಂಡೇ. ಸಾವ್ಕಾರ ಅದಕ್ಕೊಂದು ಉಪಾಯ ಮಾಡಿದ. ಬಾಗಿಲಲ್ಲಿ ಕೂತ ನಮ್ಮವರಿಗೆ ಹೇಳಿದ:

"ಸುಮ್ಮನ ಕುಂತ ತಿಂತೀಯಲ್ಲ ಅಮೋಗ್ಯಾ, ಒಂದ ಕೆಲಸಾ ಮಾಡು. ಈ ಭಾಡ್ಯಾ ಎಲ್ಲಿ ಮಲಗ್ತಾನ ನೋಡಿ ಎಬ್ಬಸು. ಎಬ್ಬಸಲಿಲ್ಲಂದ್ರ ನಿನ್ನ ಕೂಳ ಬಂದ್."

ಮೊದಮೊದಲು ನಮ್ಮವರು ಕೂಗಿ ಎಬ್ಬಿಸುತ್ತಿದ್ದರು. "ಏಳಪಾ ಧೂಳಪ್ಪ, ಏಳು ಮಗನ, ಬರಾಕತ್ತಾರ ಅವ್ರು." ಆಮೇಲೆ ಕೂಗಿಗೆ ಅವನು ಏಳುತ್ತಿರಲಿಲ್ಲ.

ಒಂದು ದಿನ ಮಧ್ಯಾಹ್ನ ನಾನು ಗೋದಾಮಿನ ಒಳಗೆ ಚೆಲ್ಲಿದ ಶೇಂಗಾ ಆರಿಸುತ್ತಿದ್ದೆ. ಧೂಳಪ್ಪ ಲಾರಿಗೆ ಚೀಲ ಏರಿಸುತ್ತಿದ್ದ. ಬೆನ್ನ ಮೇಲೆ ಚೀಲ ಇಟ್ಟುಕೊಂಡವನು ಗೋಡೆಗೆ ಆನಿ ನಿಂತ. ನಿಂತಲ್ಲೇ ಬಾಯಿ ತೆರೆಯಿತು, ಗಲ್ಲ ಎದೆಗೆ ಇಳಿಯಿತು. ಚೀಲ ಬೆನ್ನ ಮೇಲೇ ಇತ್ತು.

ನಮ್ಮವರು ಊರುಗೋಲು ಊರುತ್ತ ಬಂದರು. ಹತ್ತಿರ ನಿಂತು ಒಂದು ಸಲ ಕರೆದರು. ಕಟ್ಟೆಯ ಕಡೆ ನೋಡಿದರು. ಅಲ್ಲಿ ಸಾವ್ಕಾರ ಕೂತಿದ್ದ. ಊರುಗೋಲು ಎತ್ತಿ ಧೂಳಪ್ಪನ ಮೊಣಕಾಲ ಚಿಪ್ಪಿಗೆ ಹೊಡೆದರು.

"ಏಳೋ ಸೂಳೆಮಗನ. ತಾಸು ಮುಗದ್ವು ನಿನ್ನವು, ಚೀಲ ಮುಗದಿಲ್ಲ."

ದನಿ ನಮ್ಮವರದು, ಮಾತು ಸಾವ್ಕಾರನದು. ಚೀಲ ಬಿತ್ತು. ಧೂಳಪ್ಪ ಮೊಣಕಾಲು ಹಿಡಿದುಕೊಂಡು ಕೂತ. ಕಣ್ಣು ಉಜ್ಜಿ ಯಾರೆಂದು ನೋಡಿದ.

"ಕಾಕಾ," ಅಂದ, "ನೀ ಹೊಡಿಬ್ಯಾಡೋ. ಅವ್ರು ಹೊಡೀಲಿ."

ಕಟ್ಟೆಯ ಮೇಲಿಂದ ಸಾವ್ಕಾರ ನಕ್ಕ. "ಭಲೇ ಅಮೋಗ್ಯಾ. ಈಗ ಖರೇ ಕುರುಬ ಆದಿ ನೋಡು. ಹಿಂಗ ಕಾಯಬೇಕು."

ಬಸಯ್ಯನೂ ನಕ್ಕ. ಹಮಾಲರಲ್ಲಿ ಒಂದಿಬ್ಬರು ನಕ್ಕರು. ನಮ್ಮವರು ನನ್ನ ಕಡೆ ನೋಡಲಿಲ್ಲ. ಬಾಗಿಲಿಗೆ ಹೋಗಿ, ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಬೀದಿಗೆ ಮುಖ ಮಾಡಿ ಕೂತರು.

ನಾನು ಮೊರದಲ್ಲಿದ್ದ ಶೇಂಗಾ ಅಲ್ಲೇ ಬಿಟ್ಟು ಎದ್ದೆ. ಗುಡಿಸಲಿಗೆ ಹೋಗಿ ಗಡಿಗೆಗೆ ಕೈ ಹಾಕಿ ಕಾಗದ ತೆಗೆದೆ. ವರ್ಷ ತುಂಬಲು ಇನ್ನೂ ಕೆಲವು ದಿನ ಇದ್ದವು. ಸೆರಗಿನಲ್ಲಿ ಕಟ್ಟಿಕೊಂಡು ಬಾಗಿಲಿಗೆ ಬಂದಾಗ ನಮ್ಮವರು ಕೇಳಿದರು, "ಎಲ್ಲಿಗೆ?"

"ಟಪಾಲ ಹಾಕಾಕ."

ನಾನು ದಾಟಲು ಅಡ್ಡವಾಗಿದ್ದ ಇದ್ದೊಂದು ಕಾಲನ್ನು ಎರಡೂ ಕೈಯಿಂದ ಎತ್ತಿ ಬದಿಗೆ ಇಟ್ಟುಕೊಂಡರು.

ಊರಿನ ಪೋಸ್ಟಿನಲ್ಲಿ ಹಾಕುವ ಹಾಗಿರಲಿಲ್ಲ. ಅಲ್ಲಿಯವನು ದಿನಾ ಸಂಜೆ ಸಾವ್ಕಾರನ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುವವನು. ಅವನ ಕೈಗೆ ಹೋದರೆ ಕಾಗದ ಸೋಲಾಪುರಕ್ಕಿಂತ ಮೊದಲು ಕಟ್ಟೆ ಮುಟ್ಟುತ್ತಿತ್ತು. ಸ್ಟೇಶನ್ನಿಗೇ ಹೋಗಿ ಟಪಾಲಿನ ರೈಲುಗಾಡಿಗೆ ಹಾಕುವುದೆಂದು ನಡೆಯತೊಡಗಿದೆ. ಅಕ್ಕಲಕೋಟೆಯಿಂದ ಸ್ಟೇಶನ್ನು ದೂರ. ಎರಡೂ ಕಡೆ ಕೊಯ್ಯದ ಜೋಳ ನಿಂತಿತ್ತು. ಊರು ದಾಟಿ ಬಹಳ ಹೊತ್ತಾಗಿರಲಿಲ್ಲ, ಹಿಂದೆ ಲಾರಿಯ ಸದ್ದು ಕೇಳಿ ಬದಿಗೆ ಸರಿದೆ. ಅದು ಒಮ್ಮೆ ಈ ಬದಿಗೆ, ಒಮ್ಮೆ ಆ ಬದಿಗೆ ಬರುತ್ತಿತ್ತು. ನನ್ನನ್ನು ದಾಟಿ ಹೋಗಿ ನಿಂತಿತು.

"ಹತ್ತಕ್ಕಾ," ಅಂದ ಧೂಳಪ್ಪ. "ಸ್ಟೇಶನ್ನಿಗೆ ಹೊಂಟೀನಿ, ಶೇಂಗಾ ಹಾಕಾಕ."

"ನಿನ್ನ ತಾಸು ಮುಗದಿದ್ವಲ್ಲೋ?"

"ಈ ದಾರ್ಯಾಗ ನಾಕಾ ಎಲ್ಲೈತಿ? ಇನ್‌ಸ್ಪೆಕ್ಟರ್ ಇಲ್ದಲ್ಲಿ ತಾಸೂ ಇರೂದಿಲ್ಲಂತ. ಸಾವ್ಕಾರ್ರು ಈಗೀಗ ಹಂಗ ಅನ್ನಾಕತ್ತಾರ."

ಹತ್ತಿ ಕೂತೆ. ಆ ಸೀಟಿನ ಮೇಲೆ ನಾನು ಕೂತದ್ದು ಅದೇ ಮೊದಲು. ಗಾಜಿನ ಮೇಲೆ ಲಕ್ಷ್ಮಿ ಇದ್ದಳು, ಹೂವು ಒಣಗಿತ್ತು. ಧೂಳಪ್ಪ ಕಣ್ಣು ಅಗಲ ಮಾಡಿ ರಸ್ತೆ ನೋಡುತ್ತಿದ್ದ. ಅಗಲ ಮಾಡಿದ ಕಣ್ಣು ಹಾಗೇ ಕೆಳಗಿಳಿಯುತ್ತಿತ್ತು.

"ಏನರೆ ಮಾತಾಡಕ್ಕಾ. ಸುಮ್ಮನ ಕುಂತ್ರ ಇಬ್ಬರೂ ಹಳ್ಳಕ್ಕ ಬೀಳ್ತೀವಿ."

"ಏನ ಮಾತಾಡ್ಲಿ?"

"ಬೈಯಾಕರೆ ಬೈ. ನಿನ್ನ ಗಂಡ ಬೈದಂಗ."

ಅವನು ನಕ್ಕ. ನನಗೆ ನಗು ಬರಲಿಲ್ಲ. ಸೆರಗಿನ ಗಂಟು ಬಿಚ್ಚಿದೆ. ಬರೆದು ಬರೆದು ಬಾಯಿಪಾಠ ಆಗಿದ್ದ ಕಾಗದವನ್ನು ಗಟ್ಟಿಯಾಗಿ, ಎಂಜಿನ್ನಿನ ಮೇಲೆ ಕೇಳಿಸುವ ಹಾಗೆ ಓದಿದೆ.

"ಸಾಹೇಬರ ಸನ್ನಿಧಿಗೆ. ನನ್ನ ಗಂಡನ ಎಡಗಾಲು ಮಾಲಕರ ಲಾರಿಯ ಕೆಳಗೆ ಹೋಗಿದೆ. ಲಾರಿ ಬಿಟ್ಟವರು ಮಾಲಕರ ತಮ್ಮ. ನನ್ನ ಗಂಡ ಕುಡಿದಿರಲಿಲ್ಲ. ಚಕ್ರ ಬಿಟ್ಟು ಇಳಿದ ಮೇಲೆ ಅವರಿಂದ ಸಿಮೆಂಟು ಚೀಲ ಹೊರಿಸಿದ್ದಾರೆ. ಚೀಲ ಹೊರುವುದು ಕೆಲಸ ಹೌದೋ ಅಲ್ಲವೋ, ತಾವು ಇಲ್ಲಿಗೆ ಬಂದು ಒಂದು ಚೀಲ ಎತ್ತಿ ನೋಡಿ ಹೇಳಬೇಕು."

"ಹಂಗ ಬರದೀಯೇನು? ಸಾಹೇಬಗ ಚೀಲ ಎತ್ತು ಅಂತ?"

"ಬರದೀನಿ."

ಅವನ ಕಣ್ಣು ಪೂರಾ ತೆರೆದಿತ್ತು. "ಇನ್ನೊಮ್ಮೆ ಓದಕ್ಕಾ," ಅಂದ. ಇನ್ನೊಮ್ಮೆ ಓದಿದೆ. ಸ್ಟೇಶನ್ನು ಕಾಣುವ ತನಕ ಓದುತ್ತಲೇ ಇದ್ದೆ.

ಮಾಲಿನ ಶೆಡ್ಡಿನ ಮುಂದೆ ಗಾಡಿ ನಿಲ್ಲಿಸಿ ಧೂಳಪ್ಪ ಕೇಳಿದ, "ನನ್ನ ಹೆಸರು ಬರೀತೀಯೇನಕ್ಕಾ ಅದರಾಗ?"

"ನಿನ್ನ ಕೆಲಸಾ ಹೋಗತೈತಿ."

"ಹೋಗಲಿ. ಹಿಂಗ ನಡದ್ರ ಕಾಲ ಹೋಗತೈತಿ, ಇಲ್ಲಾ ಯಾರರೆ ಬಡವರ ಕೂಸಿನ ಮ್ಯಾಲ ಹಾಯಿಸ್ತೀನಿ. ಮನ್ನಿ ಹೊಟಗಿ ಊರ ಹತ್ತರ ಒಂದ ಎಮ್ಮಿ ಉಳಕೊಂಡಿದ್ದ ಪುಣ್ಯಾ. ಬರಿ."

ಶೆಡ್ಡಿನ ಹಮಾಲನೊಬ್ಬನ ಹತ್ತಿರ ಪೆನ್ಸಿಲ್ಲು ಇಸಿದುಕೊಂಡೆ. ಕೊನೆಯಲ್ಲಿ ಉಳಿದ ಜಾಗದಲ್ಲಿ ಬರೆದೆ: ನಾಗಣಸೂರಿನ ಧೂಳಪ್ಪ, ಈಗಿನ ಡ್ರೈವರ್. ಇವನನ್ನೂ ಹಾಗೇ ದುಡಿಸುತ್ತಾರೆ. ಇವನಿಗೆ ಎರಡೂ ಕಾಲು ಇವೆ, ಇರುವಾಗಲೇ ಬರ್ರಿ. ಬರೆದು ತಲೆ ಎತ್ತುವಷ್ಟರಲ್ಲಿ ಧೂಳಪ್ಪ ಚಕ್ರದ ಮೇಲೆ ಹಣೆ ಇಟ್ಟು ನಿದ್ದೆ ಹೋಗಿದ್ದ.

ಶೆಡ್ಡಿನ ಗುಮಾಸ್ತ ಕಿಟಕಿಯಿಂದ ಕೂಗಿದ. "ಏ ಬಾಯಿ, ಎಬ್ಬಸ ಅವನ್ನ. ವ್ಯಾಗನ್ ನಿಂತೈತಿ."

"ನಿಂದ್ರಲಿ," ಅಂದೆ.

"ಏನಂದಿ?"

ಲಾರಿಯ ಬಾಗಿಲನ್ನು ಸದ್ದಾಗದ ಹಾಗೆ ತಳ್ಳಿ, ಹಳಿಯ ಕಡೆ ನಡೆದೆ. ಗುಮಾಸ್ತ ಬೈಯುತ್ತಿದ್ದ. ಸಾವ್ಕಾರನಿಗೆ ಆಳು ಕಳಿಸುತ್ತೇನೆ ಅಂದ, ರಂಡೆ ಅಂದ.

ಟಪಾಲಿನ ಗಾಡಿ ಬಂದು ನಿಂತಿತು. ಅದರ ಕೆಂಪು ಡಬ್ಬಿಯಲ್ಲಿ ಕಾಗದ ಹಾಕುವ ಬಾಯಿ ನನ್ನ ತಲೆಗಿಂತ ಮೇಲಿತ್ತು. ಲಕೋಟೆಗೆ ನಾಲಿಗೆ ಹಚ್ಚಿ ಅಂಟಿಸಿ, ತುದಿಗಾಲಲ್ಲಿ ನಿಂತು ಒಳಗೆ ತುರುಕಿದೆ. ಗಡಿಗೆಯಲ್ಲಿ ಬಿದ್ದು ಬಿದ್ದು ಮೂಲೆ ಮಡಚಿಕೊಂಡಿತ್ತು, ಅರ್ಧಕ್ಕೆ ಸಿಕ್ಕಿಕೊಂಡಿತು. ಸೀಟಿ ಊದಿದರು, ಗಾಡಿ ಅಲುಗಿತು. ಜೊತೆಗೆ ನಾಲ್ಕು ಹೆಜ್ಜೆ ಓಡುತ್ತ ಹೆಬ್ಬೆರಳಿನಿಂದ ಒತ್ತಿದೆ. ಕಾಗದ ಒಳಗೆ ಬಿತ್ತು.